ಮೀಟರ್ ಮಾಮನ ಅಂಗಿಗಳು

ಎಡಗೈಯನ್ನು ಹೇಗೋ ತೂರಿಸಿದ್ದರು, ಬಲಗೈ ಮಾತ್ರ ಅಂಗಿಯ ತೋಳಿನೊಳಗೆ ಹೋಗಲೇ ಇಲ್ಲ. ಹೆಂಡತಿಯ ತಮ್ಮ ಮೊಣಕೈ ಹಿಡಿದು ಬಗ್ಗಿಸಲು ನೋಡಿದ. ಸೇವಾ ಸಂಘದ ಅಧ್ಯಕ್ಷರು ಬೆನ್ನಿಗೆ ಕೈಕೊಟ್ಟು ಎತ್ತಿ ಹಿಡಿದಿದ್ದರು. ನಿನ್ನೆ ಸಂಜೆ ಜೀವ ಹೋಗಿ, ಬೆಳಗಾಗುವಷ್ಟರಲ್ಲಿ ಮೈ ಸೆಟೆದುಕೊಂಡಿತ್ತು.

“ಬಿಡಿ, ನೋವಾಗುತ್ತೆ,” ಅಂದಳು ಹೆಂಡತಿ. ಅಂದಮೇಲೆ ತಾನೇನು ಅಂದೆ ಎಂದು ಹೊಳೆದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬೆಡ್‌ಶೀಟು ಹೊದಿಸಿಬಿಡೋಣ ಅಕ್ಕ, ಯಾರು ಎತ್ತಿ ನೋಡ್ತಾರೆ ಎಂದ ತಮ್ಮ. ಆಕೆ ಒಪ್ಪಲಿಲ್ಲ. ಟೈಲರ್‌ಗೆ ಹೇಳಿ ಕಳಿಸಿದ್ದೀನಿ, ಅವರು ಬರೋತನಕ ಯಾರೂ ಮುಟ್ಟಬೇಡಿ ಅಂದಳು. ಹನ್ನೊಂದಕ್ಕೆ ಸ್ಮಶಾನದ ಗಾಡಿ ಬರುವುದಿತ್ತು. ಆಗಲೇ ಹತ್ತೂಕಾಲು. ಆ ಟೈಲರ್ ಬರುತ್ತಾನೋ ಇಲ್ಲವೋ ಎಂಬುದೊಂದೇ ಆಕೆಯ ತಲೆಯಲ್ಲಿ ಕೊರೆಯುತ್ತಿತ್ತು. ಗಂಡ ಹದಿನಾರು ವರ್ಷ ಹೇಳಲಾಗದೆ ಹೋದ ಮಾತನ್ನು, ಗಂಡ ಈ ಮನೆಯಲ್ಲಿರುವಾಗಲೇ ಆ ಮನುಷ್ಯನಿಗೆ ಹೇಳಿ ಮುಗಿಸಬೇಕಿತ್ತು.

ತಮ್ಮ ಬೇರೆ ಅಂಗಿ ಸರಿಹೋದೀತೇನೋ ಎಂದು ಬೀರು ತೆರೆದವನು ಹಾಗೇ ನಿಂತುಬಿಟ್ಟ. ಮೇಲಿನಿಂದ ಕೆಳಗಿನವರೆಗೆ ಅಂಗಿಗಳು. ಅರವತ್ತಕ್ಕೆ ಕಮ್ಮಿಯಿಲ್ಲ. ಎಲ್ಲವೂ ಹೊಲಿಸಿ ತಂದ ಕವರಿನಲ್ಲೇ ಇದ್ದವು, ಒಂದನ್ನೂ ಬಿಚ್ಚಿರಲಿಲ್ಲ. ಭಾವ ಎಂದರೆ ಎರಡೇ ಅಂಗಿಯನ್ನು ಒಗೆದೊಗೆದು ಹಾಕುವ ಮನುಷ್ಯ. ಯಾರ ಮದುವೆಗೆ ಬಂದರೂ ಅದೇ ಬೂದುಬಣ್ಣದ ಅಂಗಿ, ಫೋಟೋಗಳಲ್ಲಿ ಮದುಮಕ್ಕಳು ಬದಲಾಗುತ್ತಿದ್ದರೇ ಹೊರತು ಆ ಅಂಗಿಯಲ್ಲ. ಜಿಪುಣ ಎಂದು ನೆಂಟರೆಲ್ಲ ಆಡಿಕೊಂಡು ನಗುತ್ತಿದ್ದರು.

“ಇದೇನಕ್ಕ ಇದು?”

ಆಕೆ ಬೀರು ಮುಚ್ಚಿದಳು.

ಹೊರಗೆ ಜಗಲಿಯ ಮೇಲೆ ಸಂಘದವರು ಕೂತಿದ್ದರು. ಕರೆಂಟ್ ಕಂಪನಿಯಲ್ಲಿ ಮೀಟರ್ ಓದಿ ಓದಿ ರಿಟೈರ್ ಆದ ಈ ಮನುಷ್ಯನನ್ನು ಊರೆಲ್ಲ ಮೀಟರ್ ಮಾಮ ಎಂದೇ ಕರೆಯುತ್ತಿತ್ತು. ಸಂಘದವರು ವರ್ಷಕ್ಕೊಂದು ಹಳೇ ಸಾಮಾನಿನ ಮಾರಾಟ, ಒಂದು ಹಾಡಿನ ಸಂಜೆ, ಮನೆಮನೆಗೆ ಲಕ್ಕಿ ಡ್ರಾ ಚೀಟಿ ಎಂದು ಓಡಾಡಿ ದುಡ್ಡು ಎತ್ತುತ್ತಿದ್ದರು. ಎತ್ತುವುದು ಸುಲಭ, ಯಾರಿಗೆ ಕೊಡುವುದು ಎಂಬುದೇ ತಲೆನೋವು. ಅರ್ಜಿ ಹಾಕಿದವರ ಮನೆಗೆ ಒಬ್ಬರು ಹೋಗಿ, ಕಷ್ಟ ನಿಜವೋ ಸುಳ್ಳೋ ನೋಡಿ, ಒಂದು ಸಾಲು ಬರೆದುಕೊಡಬೇಕು. ಎಲ್ಲರ ಮನೆ ಬಾಗಿಲೂ ಗೊತ್ತಿದ್ದ ಮೀಟರ್ ಮಾಮನ ತಲೆಗೆ ಆ ಕೆಲಸ ಕಟ್ಟಿದ್ದರು.

“ಅವರ ಕೈಯಲ್ಲಿ ‘ಬೇಡ’ ಅಂತ ಬರೆದಿದ್ದು ನಾನು ಕಾಣೆ,” ಎಂದು ಅಧ್ಯಕ್ಷರು ಹೇಳುತ್ತಿದ್ದುದು ಒಳಗೆ ಕೇಳಿಸಿತು. “ಬಾಗಿಲಲ್ಲಿ ಕಾರು ನಿಂತಿದ್ರೂ ‘ಕೊಡಿ’ ಅಂತ ಬರ್ಕೊಂಡು ಬರೋರು. ಎಷ್ಟು ಬೈದಿದ್ದೀವಿ.”

ಯಾರೋ ಮೆಲ್ಲಗೆ ನಕ್ಕರು, ಯಾರೋ ಮೂಗು ಒರೆಸಿಕೊಂಡರು. ಅಧ್ಯಕ್ಷರು ಸಂಘಕ್ಕೆ ಬಂದು ಹತ್ತು ವರ್ಷವಾಗಿತ್ತು. ಅದಕ್ಕೆ ಹಿಂದಿನದು ಅವರಿಗೆ ಗೊತ್ತಿರಲಿಲ್ಲ.

*

ಹದಿನಾರು ವರ್ಷದ ಹಿಂದೆ, ಮಗಳ ಔಷಧಿಗೆ ಸಹಾಯ ಬೇಕೆಂದು ಟೈಲರ್ ಸಂಘಕ್ಕೆ ಅರ್ಜಿ ಹಾಕಿದ್ದ. ಮೀಟರ್ ಮಾಮ ಹೋದಾಗ ಅವನು ಅಂಗಡಿಯಲ್ಲಿದ್ದ. ಮನೆಯಲ್ಲಿ ಕಿವಿ ಮಂದವಾದ ಅಜ್ಜಿ, ಒಂಬತ್ತು ವರ್ಷದ ಮೊಮ್ಮಗಳು. ಯಾವ ಮನೆಗೆ ಹೋದರೂ ಮೊದಲು ನೀರು ಕೇಳುವುದು ಮಾಮನ ರೂಢಿ. ನೀರು ತರುವಷ್ಟರಲ್ಲಿ ಮನೆಯೆಲ್ಲ ಕಣ್ಣಿಗೆ ಬೀಳುತ್ತದೆ. ಹುಡುಗಿ ಕುಣಿಯುತ್ತ ಒಳಗೆ ಹೋಗಿ, ಹೊಸ ಫ್ರಿಜ್ಜಿನ ಬಾಗಿಲು ತೆರೆದು, ತಣ್ಣನೆಯ ನೀರು ತಂದುಕೊಟ್ಟಳು.

“ಇನ್ನೊಂದು ಲೋಟ ಬೇಕಾ ಮಾಮ?” ಎಂದು ಕೇಳಿದಳು.

ಮೀಟರ್ ಮಾಮನ ಮನೆಯಲ್ಲೇ ಫ್ರಿಜ್ಜಿರಲಿಲ್ಲ ಆಗ. ‘ಮನೆಯಲ್ಲಿ ಹೊಸ ಫ್ರಿಜ್ ಇದೆ, ಮಗು ಆಡಿಕೊಂಡಿದೆ, ಅನುಕೂಲಸ್ಥರು, ಬೇಡ’ ಎಂದು ಬರೆದರು. ಸಂಘ ಆ ದುಡ್ಡನ್ನು ಬೇರೆಯವರಿಗೆ ಕೊಟ್ಟಿತು.

ಐದು ತಿಂಗಳ ಮೇಲೆ ಆ ಬೀದಿಯ ಮೀಟರ್ ಓದುವ ಕೆಲಸ ಅವರ ಪಾಲಿಗೆ ಬಂತು. ಟೈಲರ್ ಮನೆಯ ಯೂನಿಟ್ಟು ಅರ್ಧಕ್ಕರ್ಧ ಇಳಿದಿತ್ತು. ಏನಜ್ಜಿ, ಕರೆಂಟೇ ಉರಿಸಿಲ್ಲವಲ್ಲ ಎಂದು ಗಟ್ಟಿಯಾಗಿ ಕೇಳಿದರು, ತಮಾಷೆಗೆ. ಫ್ರಿಜ್ ಆಫ್ ಮಾಡಿದ್ದೀವಪ್ಪ, ಮಗೂಗೆ ದಿನಾ ಚುಚ್ಚೋ ಸಕ್ಕರೆ ಕಾಯಿಲೆ ಔಷಧಿ ತಣ್ಣಗಿಡಬೇಕು ಅಂತ ಕಂತಿನ ಮೇಲೆ ತಂದಿದ್ದು, ಔಷಧಿ ಸಾಲದೆ ಅರ್ಧರ್ಧ ಚುಚ್ಚಿದ್ವಿ, ಈಗ ಮಗುವೇ ಇಲ್ವಲ್ಲ ಎಂದಳು ಅಜ್ಜಿ.

ಆ ಸಂಜೆ ಮನೆಗೆ ಬಂದು ಹೆಂಡತಿಗೆ ಇದಿಷ್ಟನ್ನೂ ಹೇಳಿ, ಗೋಡೆಗೆ ಮುಖ ಮಾಡಿ ಮಲಗಿದರು. ಮತ್ತೆಂದೂ ಆ ಸುದ್ದಿ ಎತ್ತಲಿಲ್ಲ. ಮಾರನೇ ವಾರ ಟೈಲರ್ ಅಂಗಡಿಗೆ ಹೋದರು, ತಪ್ಪಾಯಿತು ಎಂದು ಹೇಳುವುದಕ್ಕೆ. ಬಾಯಿ ಬರಲಿಲ್ಲ. ಒಂದು ಅಂಗಿಗೆ ಅಳತೆ ಕೊಟ್ಟು ಬಂದರು. ಮೂರು ತಿಂಗಳಿಗೆ ಮತ್ತೆ ಹೋದರು, ಮತ್ತೊಂದು ಅಂಗಿ ಬಂತು. ಇವತ್ತಾದರೂ ಹೇಳಿದ್ರಾ ಎಂದು ಹೆಂಡತಿ ಕಣ್ಣಲ್ಲೇ ಕೇಳುವಳು. ಅವರು ಕವರನ್ನು ಬೀರುವಿನಲ್ಲಿಟ್ಟು ಕೈ ತೊಳೆಯಲು ಹೋಗುವರು.

*

ಟೈಲರ್ ಬಂದಾಗ ಹತ್ತೂವರೆ ದಾಟಿತ್ತು. ತಲೆ ಪೂರಾ ನೆರೆತ, ಕುಳ್ಳನೆಯ ಮನುಷ್ಯ. ಯಾರ ಮುಖವನ್ನೂ ನೋಡದೆ ಒಳಗೆ ಬಂದು ಹೆಣದ ಹತ್ತಿರ ಕೂತು ತೋಳು ಮುಟ್ಟಿ ನೋಡಿದ. ಹಿಂದಿನಿಂದ ಕಾಲರ್‌ವರೆಗೂ ಸೀಳಬೇಕು, ಎರಡು ಭಾಗ ಮಾಡಿ ಮುಂದಿನಿಂದ ತೊಡಿಸಿದರೆ ಗೊತ್ತಾಗೋದಿಲ್ಲ ಎಂದ. ಆಕೆ ತಮ್ಮನನ್ನು ಹೊರಗೆ ಕಳಿಸಿದಳು. ಎಡತೋಳಿನಲ್ಲಿದ್ದ ಹಳೇ ಅಂಗಿ ಕಳಚಿ, ಬೀರುವಿನಿಂದ ಒಂದು ಕವರು ತೆಗೆದು ಬಿಚ್ಚಿ ಹೊಸ ಅಂಗಿಯನ್ನು ಅವನ ಕೈಗೆ ಕೊಟ್ಟಳು.

“ನಿಮಗೊಂದು ಮಾತು ಹೇಳ್ಬೇಕು. ಸಂಘದಿಂದ ನಿಮ್ಮನೆ ನೋಡೋಕೆ ಬಂದಿದ್ದು ಇವರೇ.”

“ಗೊತ್ತಮ್ಮ.”

“ಆ ಫ್ರಿಜ್ ನೋಡಿ ಬೇಡ ಅಂತ ಬರ್ದಿದ್ದೂ...”

“ಅದೂ ಗೊತ್ತು.” ಅವನು ಅಂಗಿಯನ್ನು ಮೊಣಕಾಲ ಮೇಲೆ ಹರಡಿಕೊಂಡ. “ಮೊದಲನೇ ಸಲ ಅಂಗಡಿಗೆ ಬಂದಾಗ ಕತ್ತು ಹಿಡಿದು ಆಚೆ ದಬ್ಬೋಣ ಅನ್ನಿಸ್ತು. ಅಳತೆ ತಗೊಳ್ಳೋಕೆ ಹೋದ್ರೆ ಮನುಷ್ಯ ಗಡಗಡ ನಡುಗ್ತಿದ್ರು. ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ಕಾದೆ. ಅಳತೆ ನನ್ನ ಪುಸ್ತಕದಲ್ಲಿ ಇತ್ತಮ್ಮ. ಆದ್ರೂ ಪ್ರತಿ ಸಲ ನಿಲ್ಲಿಸಿಕೊಂಡು ಹೊಸದಾಗಿ ತಗೋತಿದ್ದೆ. ಅಷ್ಟು ಹೊತ್ತು ನಿಂತ್ರೆ ಬಾಯಿ ಬಿಟ್ಟಾರು ಅಂತ.”

ಆಕೆಗೆ ಅಳು ಬಂತು. ಇಬ್ಬರೂ ಕಾದರೇ, ಹದಿನಾರು ವರ್ಷ ಹೀಗೇ ಕಾದರೇ ಎಂದು ಸಂಕಟವಾಯಿತು.

“ಅವರ ಪರವಾಗಿ ನಾನು ಕೇಳ್ತೀನಿ. ತಪ್ಪಾಯ್ತು.”

“ನೀವು ಕೇಳ್ಬೇಡಿ.”

“ಅವರು ಹೇಳಿದ್ದಿದ್ರೆ ನೀವೇನು ಅಂತಿದ್ರಿ?”

ಟೈಲರ್ ಕತ್ತರಿ ಕೈಗೆ ತೆಗೆದುಕೊಂಡ.

“ಅದು ಅವರಿಗೆ ಇಟ್ಟ ಮಾತಮ್ಮ. ನಿಮಗೆ ಹೇಳೋಕೆ ಬರಲ್ಲ.”

ಕತ್ತರಿ ಅಂಗಿಯ ಬೆನ್ನಿನುದ್ದಕ್ಕೂ ಸರಿಯಿತು. ತಾನೇ ಹೊಲಿದದ್ದನ್ನು ಸೀಳುವಾಗ ಅವನ ತುಟಿ ಬಿಗಿದುಕೊಂಡಿತ್ತು. ಇಬ್ಬರೂ ಸೇರಿ ಒಂದೊಂದೇ ತೋಳು ತೊಡಿಸಿದರು, ಸೀಳಿದ ಅಂಚುಗಳನ್ನು ಬೆನ್ನಡಿಗೆ ಸೇರಿಸಿದರು. ಅವನು ಕೆಳಗಿನಿಂದ ಗುಂಡಿ ಹಾಕುತ್ತ ಮೇಲೆ ಬಂದ. ಕೊನೆಯದನ್ನು ಹಾಕಿ ಆದಮೇಲೂ ಕೈ ತೆಗೆಯಲಿಲ್ಲ.

ಆಕೆ ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

ಗಾಡಿ ಬಂದು ಗೇಟಿನ ಮುಂದೆ ಗುರುಗುಡುತ್ತ ನಿಂತಿತ್ತು. ಜಗಲಿಯಲ್ಲಿದ್ದವರೆಲ್ಲ ಎದ್ದರು. ಅಧ್ಯಕ್ಷರು ಗಡಿಯಾರ ನೋಡಿಕೊಂಡು ಹತ್ತಿರ ಬಂದರು.

“ಅಂಗಿ ಆಯ್ತಾಮ್ಮ?”

“ಆಯ್ತು.”

“ಮತ್ತೆ, ಎತ್ತೋಣವಾ?”

“ಸ್ವಲ್ಪ ತಾಳಿ,” ಅಂದಳು ಆಕೆ. “ಅವರಿಬ್ಬರೂ ಮಾತಾಡ್ತಿದ್ದಾರೆ.”

ಅಧ್ಯಕ್ಷರು ಆಕೆಯ ಮುಖ ನೋಡಿ ಹಿಂದೆ ಸರಿದರು. ಆಕೆ ಒಂದು ಕುರ್ಚಿ ಎಳೆದು ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತಳು. ಒಳಗಿನಿಂದ ಟೈಲರನ ದನಿ ಬರುತ್ತಿತ್ತು, ತಗ್ಗಿಸಿದ ದನಿ, ಬೈಗುಳವೋ ಅಳುವೋ ತಿಳಿಯುವಂತಿರಲಿಲ್ಲ. ಆಕೆ ಕಿವಿ ಕೊಡಲಿಲ್ಲ. ಗೇಟಿನ ಹತ್ತಿರ ಡ್ರೈವರ್ ಇಂಜಿನ್ ಆರಿಸಿ ಕೆಳಗಿಳಿದ.