ಮೊದಲ ಪೀರಿಯಡ್ ಯಾರದ್ದು?

ಊರಾಚೆಯ ಕ್ಯಾಂಪಸ್ಸಿಗೂ ಆ್ಯಪ್ ಬರುತ್ತದೆ ಎಂಬ ಸುದ್ದಿ ಕೇಳಿ ಎಲ್ಲರೂ ಖುಷಿಪಟ್ಟರು, ಕೆಮಿಸ್ಟ್ರಿ ಮೇಷ್ಟ್ರೊಬ್ಬರನ್ನು ಬಿಟ್ಟು. ಅಲ್ಲಿಯವರೆಗೆ ಅದು ವಿಶ್ವವಿದ್ಯಾಲಯದ ದೊಡ್ಡ ಕ್ಯಾಂಪಸ್ಸಿನ ಹುಡುಗರಿಗೆ ಮಾತ್ರ, ಅದೂ ಒಂದೇ ಬಗೆಯ ಫೋನಿನಲ್ಲಿ, ಯಾವ ಕ್ಲಾಸು ಯಾರದ್ದು, ಎಷ್ಟು ಹೊತ್ತಿಗೆ, ಯಾವ ಕೋಣೆಯಲ್ಲಿ ಎಂದು ತೋರಿಸುತ್ತಿತ್ತು. ಇನ್ನು ಮೇಲೆ ಎಲ್ಲ ಫೋನುಗಳಲ್ಲೂ, ಉಳಿದ ಕ್ಯಾಂಪಸ್ಸುಗಳಲ್ಲೂ ಬರುವುದಿತ್ತು. ಇಷ್ಟು ವರ್ಷ ನಮ್ಮನ್ನು ಕ್ಯಾರೇ ಅನ್ನದವರಿಗೆ ಈಗೇಕೆ ಇಷ್ಟು ಅಕ್ಕರೆ ಎಂದು ಮೇಷ್ಟ್ರ ಮೂಗಿಗೆ ಏನೋ ವಾಸನೆ ಬಡಿಯಿತು. ಅದನ್ನು ಅಳವಡಿಸುವ ಕೆಲಸಕ್ಕೆ ಬರುವವಳು ತಮ್ಮ ಅಕ್ಕನ ಮಗಳು ಪುಟ್ಟಿಯೇ ಎಂದು ತಿಳಿದಾಗಲಂತೂ ಅನುಮಾನ ಬೇರುಬಿಟ್ಟಿತು. ಮನೆಯ ಹುಡುಗಿಯನ್ನೇ ಹುಡುಕಿ ಕಳಿಸಿದ್ದಾರೆ ಎಂದರೆ ಸುಮ್ಮನೆ ಇರಲಾರದು.

ಮೇಷ್ಟ್ರು ಬೆಚ್ಚಲು ಕಾರಣವೂ ಇತ್ತು. ಬೆಳಗಿನ ಮೊದಲ ಪೀರಿಯಡ್ಡಿನ ಫಿಸಿಕ್ಸ್ ಪಾಠವನ್ನು ವರ್ಷದಿಂದ ಮಾಡುತ್ತಿದ್ದವರು ಅವರು. ಫಿಸಿಕ್ಸ್ ಮೇಡಂನ ತಾಯಿ ಹಾಸಿಗೆ ಹಿಡಿದಿದ್ದರು. ನೋಡಿಕೊಳ್ಳುವ ನರ್ಸ್ ಬರುವವರೆಗೆ ಮೇಡಂ ಮನೆ ಬಿಡುವಂತಿರಲಿಲ್ಲ. ಅದಕ್ಕೆ ಬದಲಾಗಿ ಮಧ್ಯಾಹ್ನ ಮೇಷ್ಟ್ರ ಲ್ಯಾಬನ್ನು ಮೇಡಂ ನೋಡಿಕೊಳ್ಳುತ್ತಿದ್ದರು. ಹುಡುಗರಿಗೆ ಒಂದು ಪಾಠವೂ ತಪ್ಪಿರಲಿಲ್ಲ. ಆದರೆ ಇದನ್ನು ಹೊಸ ಪ್ರಿನ್ಸಿಪಾಲರ ಕಿವಿಗೆ ಹಾಕುವ ಧೈರ್ಯ ಇಬ್ಬರಿಗೂ ಬಂದಿರಲಿಲ್ಲ. ಆತ ಚಾಕ್‌ಪೀಸಿಗೂ ಅರ್ಜಿ ಕೇಳುವ ಆಸಾಮಿ.

ಪುಟ್ಟಿ ಸೂಟ್‌ಕೇಸು ಹಿಡಿದು ಮೇಷ್ಟ್ರ ಮನೆಗೇ ಬಂದಿಳಿದಳು. ಮೊದಲ ದಿನ ಕಾಲೇಜು ಸುತ್ತಿ ಬಂದು ರಾತ್ರಿ ಊಟಕ್ಕೆ ಕೂತಾಗ ಸಲೀಸಾಗಿ ಕೇಳಿದಳು:

"ಮಾಮ, ನಿಮ್ಮ ಕಾಲೇಜಲ್ಲಿ ಬೆಳಗ್ಗೆ ಮೊದಲ ಪೀರಿಯಡ್ ಯಾರದ್ದು?"

ಮೇಷ್ಟ್ರು ಬಾಯಿಗೆ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟರು. "ಯಾಕೆ? ಆಫೀಸಿನವರು ಟೈಮ್‌ಟೇಬಲ್ ಕೊಟ್ಟಿಲ್ವಾ?"

"ಕೊಟ್ಟಿದಾರೆ. ಅದಕ್ಕೇ ಕೇಳ್ತಿದೀನಿ."

"ಅವರು ಕೊಟ್ಟಿದ್ದನ್ನ ಹಾಕ್ಕೊಂಡು ಹೋಗು. ನನ್ನನ್ನ ಯಾಕೆ ಕೇಳ್ತೀಯ?"

ಪುಟ್ಟಿ ಅತ್ತೆಯ ಮುಖ ನೋಡಿ ಅನ್ನಕ್ಕೆ ಸಾರು ಹಾಕಿಕೊಂಡಳು. ಆ ನೋಟವೇ ಮೇಷ್ಟ್ರಿಗೆ ಹಿಡಿಸಲಿಲ್ಲ.

ಮರುದಿನ ಅವರು ಬೋರ್ಡಿನ ಮೇಲೆ ಮಸೂರ ಬರೆದು ಅದರೊಳಗಿಂದ ಬೆಳಕಿನ ಗೆರೆ ಎಳೆಯುತ್ತಿದ್ದಾಗ ಕಿಟಕಿಯಾಚೆ ಪುಟ್ಟಿ ಕಂಡಳು. ಎರಡೂ ಕೈಯಲ್ಲಿ ಒಂದೊಂದು ಫೋನು. ಒಂದನ್ನು ತರಗತಿಯ ಕಡೆಗೆ ಎತ್ತಿ ಹಿಡಿದಳು, ಇನ್ನೊಂದರಲ್ಲಿ ಏನೋ ಒತ್ತಿಕೊಂಡಳು. ಮೇಷ್ಟ್ರ ಗೆರೆ ಮಸೂರ ಬಿಟ್ಟು ಬೋರ್ಡಿನ ಅಂಚಿಗೆ ಓಡಿತು.

"ಏನು ಫೋಟೋ ತೆಗೀತಿದ್ದೆ ಅಲ್ಲಿ?" ಎಂದು ಆಮೇಲೆ ನಗುತ್ತಲೇ ಕೇಳಿದರು.

"ಫೋಟೋ ಅಲ್ಲ ಮಾಮ. ಆ ಮೂಲೇಲಿ ಸಿಗ್ನಲ್ ಬರಲ್ಲ ಅಂತ ಹುಡುಗ್ರು ಹೇಳಿದ್ರು. ಎರಡು ಥರದ ಫೋನಲ್ಲೂ ಪರೀಕ್ಷೆ ಮಾಡ್ತಿದ್ದೆ."

ಎತ್ತಿ ಆಡಿಸಿದ ಮಾವನಿಗೇ ಟೋಪಿ ಹಾಕುತ್ತಾಳೆ ಎಂದು ಮೇಷ್ಟ್ರು ಒಳಗೊಳಗೇ ಕುದಿದರು. ಮನೆಯಲ್ಲಿ ಹೆಂಡತಿಯ ಹತ್ತಿರ ತೋಡಿಕೊಂಡರೆ ಆಕೆ ಬಟ್ಟೆ ಮಡಚುತ್ತ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನಿಮ್ಮ ಕಥೆ. ಅವಳನ್ನೇ ನೇರ ಕೇಳಿಬಿಡಿ," ಎಂದಳು.

"ಕೇಳಿದ್ರೆ ನಾನೇ ಒಪ್ಕೊಂಡ ಹಾಗಾಗಲ್ವಾ?"

"ಹಾಗಾದ್ರೆ ನರಳಿ."

ಮೇಷ್ಟ್ರು ನರಳಲಿಲ್ಲ, ಅದಕ್ಕಿಂತ ಕೆಟ್ಟ ಕೆಲಸ ಮಾಡಿದರು. ಹೊಟ್ಟೆಯಲ್ಲಿ ಮಾತು ನಿಲ್ಲದ ಇಂಗ್ಲಿಷ್ ಲೆಕ್ಚರರನ್ನು ಸ್ಟಾಫ್‌ರೂಮಿನ ಬೀರುವಿನ ಮರೆಗೆ ಕರೆದು, "ನನ್ನ ಹೆಸರು ಎತ್ತಬೇಡಿ. ಈ ಆ್ಯಪ್ ಇರೋದು ಹುಡುಗರಿಗಲ್ಲ, ನಮ್ಮ ಗಂಟೆ ಎಣಿಸೋಕೆ," ಎಂದು ಪಿಸುಗುಟ್ಟಿದರು. ಸಂಜೆಯೊಳಗೆ ಆ ಪಿಸುಮಾತಿಗೆ ಕೈಕಾಲು ಮೂಡಿದವು. ಸಂಬಳ ಕಡಿತವಾಗುತ್ತದಂತೆ, ಕ್ಯಾಂಟೀನಿನಲ್ಲಿ ಎಷ್ಟು ಹೊತ್ತು ಕೂತರೆಂಬುದೂ ದಾಖಲಾಗುತ್ತದಂತೆ. ಲೈಬ್ರರಿಯನ್ ತಮ್ಮ ಫೋನನ್ನು ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು. ಎಲ್ಲರೂ ಸೇರಿ ಪ್ರಿನ್ಸಿಪಾಲರಿಗೆ ದೂರು ಬರೆದರು. ಕೆಮಿಸ್ಟ್ರಿ ಮೇಷ್ಟ್ರು ತಮ್ಮ ಸಹಿಯನ್ನು ಪಟ್ಟಿಯ ಮೊದಲಲ್ಲೂ ಹಾಕಲಿಲ್ಲ, ಕೊನೆಯಲ್ಲೂ ಹಾಕಲಿಲ್ಲ. ಯಾರ ಕಣ್ಣಿಗೂ ಬೀಳದಂತೆ ನಡುವೆ ತೂರಿಸಿದರು.

ಪ್ರಿನ್ಸಿಪಾಲರು ದೂರು ಓದಿ ಡ್ರಾಯರಿಗೆ ಹಾಕಿದರು. ಮರುದಿನ ಮೊದಲ ಗಂಟೆ ಹೊಡೆಯುತ್ತಿದ್ದಂತೆ ಎದ್ದು ಕಾರಿಡಾರಿಗೆ ಇಳಿದರು. ಇಷ್ಟು ಜನ ಹೆದರಿದ್ದಾರೆಂದರೆ ಏನೋ ಇರಬೇಕೆಂದು ಅವರಿಗೂ ಈಗ ಅನುಮಾನ ಹತ್ತಿತ್ತು.

"ಇದು ಫಿಸಿಕ್ಸ್ ಕ್ಲಾಸ್ ಅಲ್ವಾ?" ಎಂದು ಬಾಗಿಲಲ್ಲಿ ನಿಂತು ಕೇಳಿದರು.

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಹೌದು ಸರ್. ವರ್ಷದಿಂದ ಇವರೇ ಮಾಡ್ತಿರೋದು. ತುಂಬಾ ಚೆನ್ನಾಗಿ ಮಾಡ್ತಾರೆ!"

ಹೊಗಳಿಕೆ ಕೇಳಿ ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಪ್ರಿನ್ಸಿಪಾಲರ ಕೋಣೆಗೆ ಫಿಸಿಕ್ಸ್ ಮೇಡಂ ಏದುಸಿರು ಬಿಡುತ್ತ ಬಂದರು. ಪುಟ್ಟಿಯನ್ನೂ ಕರೆಸಿದ್ದರು. "ಇದು ನಿನಗೆ ಗೊತ್ತಿತ್ತಾ?" ಎಂದು ಪ್ರಿನ್ಸಿಪಾಲರು ಅವಳನ್ನು ಕೇಳಿದರು.

"ಬಂದ ದಿನವೇ ಹುಡುಗ್ರು ಹೇಳಿದ್ರು ಸರ್," ಎಂದಳು ಪುಟ್ಟಿ. "ಪಾಠ ಮಾಡೋರ ಹೆಸರು ಸರಿಯಾಗಿ ಬರಲಿ ಅಂತ ಮಾಮನ್ನ ಕೇಳಿದೆ. ಅವರು ಬಾಯಿ ಬಿಡಲಿಲ್ಲ. ಅವರಿಗೆ ತೊಂದರೆ ಆಗೋದು ಬೇಡ ಅಂತ ಆ ಜಾಗ ಖಾಲಿ ಬಿಟ್ಟಿದೀನಿ."

ತಾಯಿಯ ವಿಷಯವನ್ನು ಮೇಡಂ ತಡವರಿಸುತ್ತ ಹೇಳಿ ಮುಗಿಸಿದಾಗ ಪ್ರಿನ್ಸಿಪಾಲರು ಇಬ್ಬರಿಗೂ ಒಂದೊಂದು ಮೆಮೊ ಕೊಟ್ಟರು. ಕೊಟ್ಟ ಮೇಲೆ ಟೈಮ್‌ಟೇಬಲ್ ಎಳೆದುಕೊಂಡು ಫಿಸಿಕ್ಸನ್ನು ಮೂರನೆಯ ಪೀರಿಯಡ್ಡಿಗೆ ಹಾಕಿದರು. "ಇಷ್ಟಕ್ಕೆ ವರ್ಷವಿಡೀ ಕದ್ದು ಓಡಾಡಿದ್ರಾ? ಬಂದು ಕೇಳಿದ್ರೆ ನಾನೇನು ನುಂಗ್ತಿದ್ನಾ?"

ಹೊರಗೆ ಬಂದ ಮೇಡಂ ದನಿ ತಗ್ಗಿಸಿದರು. "ಯಾರು ಈ ಬೆಂಕಿ ಹಚ್ಚಿದ್ದು ಮೇಷ್ಟ್ರೇ? ತಪ್ಪು ತಿಳ್ಕೋಬೇಡಿ, ನನಗೆ ನಿಮ್ಮ ಸೋದರ ಸೊಸೆ ಮೇಲೇ ಅನುಮಾನ."

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪುಟ್ಟಿ ಹೇಗೂ ಊರು ಬಿಡುವವಳು. ಮೇಷ್ಟ್ರು ಕಂಬಕ್ಕೆ ಕೈ ಕೊಟ್ಟು ನಿಂತರು.

"ಅವಳಲ್ಲ. ನಾನೇ."

ಮೇಡಂ ಕೈಯಲ್ಲಿದ್ದ ಮೆಮೊ ಮಡಚಿ ಚೀಲಕ್ಕೆ ಹಾಕಿದರು. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದಷ್ಟೇ ಹೇಳಿ ಹೋದರು.

ಪುಟ್ಟಿಯನ್ನು ಬಸ್‌ಸ್ಟಾಪಿಗೆ ಬಿಡಲು ಮೇಷ್ಟ್ರೇ ಹೋದರು. ಆ್ಯಪ್ ಶುರುವಾಗಿತ್ತು, ಬಸ್ಸು ಕಾಯುತ್ತಿದ್ದ ಹುಡುಗರು ಅದನ್ನೇ ತೆರೆದು ನೋಡುತ್ತಿದ್ದರು. ಮೇಷ್ಟ್ರು ಅವಳ ಸೂಟ್‌ಕೇಸು ಕೆಳಗಿಟ್ಟು ಕೇಳಿದರು: "ನಮ್ಮ ಗಂಟೆ ಎಣಿಸು ಅಂತ ನಿನಗೆ ಯಾರೂ ಹೇಳಿರಲಿಲ್ವಾ?"

"ಇರಲಿಲ್ಲ ಮಾಮ," ಎಂದು ಪುಟ್ಟಿ ಅವರತ್ತ ತಿರುಗಿದಳು. "ನಿನ್ನೆ ಕೇಳಿದ್ರು. ನಿಮ್ಮ ದೂರು ಓದಿದ ಮೇಲೆ ಪ್ರಿನ್ಸಿಪಾಲರಿಗೆ ಆ ಯೋಚನೆ ಹುಟ್ಟಿದ್ದು. ಯಾರು ಎಷ್ಟು ಹೊತ್ತು ಎಲ್ಲಿರ್ತಾರೆ ಅಂತ ಇದ್ರಲ್ಲಿ ತೋರಿಸೋಕೆ ಆಗತ್ತಾ ಅಂದ್ರು."

"ನೀನೇನಂದೆ?"

"ಆಗಲ್ಲ ಅಂದೆ."

"ನಿಜವಾಗ್ಲೂ ಆಗಲ್ವಾ?"

"ಆಗತ್ತೆ." ಅವಳು ಸೂಟ್‌ಕೇಸು ಎತ್ತಿಕೊಂಡಳು. "ನಾನು ಮಾಡಿಕೊಡಲ್ಲ. ಬೇರೆಯವರು ಮಾಡಿಕೊಟ್ರೆ ನನಗೆ ಗೊತ್ತಿಲ್ಲ."

ಬಸ್ಸು ಹೋಯಿತು. ಕಾಲೇಜಿಗೆ ಮರಳಿದರೆ ಸ್ಟಾಫ್‌ರೂಮಿನ ಬಾಗಿಲಲ್ಲೇ ಇಂಗ್ಲಿಷ್ ಲೆಕ್ಚರರ್ ಕಾದಿದ್ದರು. "ಏನಂತೆ ಸಮಾಚಾರ?"

ಈ ಸಲ ಮೇಷ್ಟ್ರ ನಾಲಿಗೆಯ ತುದಿಯಲ್ಲಿದ್ದದ್ದು ನಿಜವಾದ ಸುದ್ದಿ. ಅವರು ಅದನ್ನು ನುಂಗಿಕೊಂಡು, "ಏನಿಲ್ಲ," ಎಂದು ಲೆಕ್ಚರರನ್ನು ದಾಟಿ ಫಿಸಿಕ್ಸ್ ಲ್ಯಾಬಿನತ್ತ ನಡೆದರು. ಒಳಗೆ ಫಿಸಿಕ್ಸ್ ಮೇಡಂ ತಮ್ಮ ಉಪಕರಣಗಳನ್ನು ಒರೆಸಿಡುತ್ತಿದ್ದರು. ಮೇಷ್ಟ್ರು ಬಾಗಿಲು ತಳ್ಳಿ, "ಒಂದು ವಿಷಯ ಇದೆ. ಮೊದಲು ನಿಮಗೇ ಹೇಳೋಣ ಅಂತ ಬಂದೆ," ಎಂದರು.

ಮೇಡಂ ತಿರುಗಿ ನೋಡಲಿಲ್ಲ. ಆದರೆ ಪಕ್ಕದ ಸ್ಟೂಲನ್ನು ಕಾಲಿನಿಂದ ಸ್ವಲ್ಪ ಈಚೆಗೆ ಸರಿಸಿದರು.