ರಟ್ಟಿನ ಮರೆ

ಹುಚ್ಚವ್ವನಿಗೆ ಎಂಬತ್ತಾರು ದಾಟಿತ್ತು. ಮೊದಲು ಅಪ್ಪ ಹೇಳಿದಂತೆ, ಆಮೇಲೆ ಗಂಡ ಹೇಳಿದಂತೆ, ಈಗ ಮಗ ಯಲಗೂರಪ್ಪ ಹೇಳಿದಂತೆ ನಡೆದ ಜೀವ ಅದು. ಆದರೆ ಸಾರವಾಡದ ಶಾಲೆಯಲ್ಲಿ ಓಟಿನ ರಟ್ಟಿನ ಮರೆಗೆ ಹೋದಳೆಂದರೆ ಮುಗಿಯಿತು, ಅಲ್ಲಿ ಅವಳದೇ ದರ್ಬಾರು. ಯಾರಿಗೆ ಹಾಕಿದೆ ಎಂದು ಗಂಡ ಹೊಡೆದು ಕೇಳಿದರೂ ಬಾಯಿ ಬಿಟ್ಟವಳಲ್ಲ.

ಈ ಸಲ ತಾಯಿಯ ಮೊಣಕಾಲು ನೋಡಿ ಯಲಗೂರಪ್ಪನ ಕರುಳು ಚುರುಕ್ಕೆಂದಿತು. ವಯಸ್ಸಾದವರು ಮನೆಯಲ್ಲೇ ಓಟು ಹಾಕಬಹುದೆಂದು ಯಾರೋ ಹೇಳಿದ್ದೇ ತಡ, ಅರ್ಜಿಗೆ ಅವಳ ಹೆಬ್ಬೆಟ್ಟು ಒತ್ತಿಸಿ ಕೊಟ್ಟುಬಂದ. ಯಾತಕ್ಕೆಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಒತ್ತು ಎಂದ, ಒತ್ತಿದಳು. ಅಷ್ಟೇ.

ಅಧಿಕಾರಿಗಳು ಮನೆಗೆ ಬರುತ್ತಾರೆಂದು ತಿಳಿದಾಗ ಮುದುಕಿಗೆ ಸಿಟ್ಟು ನೆತ್ತಿಗೇರಿತು.

"ಪಡಸಾಲ್ಯಾಗ ಓಟು ಹಾಕೂದನ? ಬಾಗಲಾಗ ನೀ, ಕಿಡಕ್ಯಾಗ ನಿನ್ನ ಹೆಂಡ್ತಿ! ನಾ ಸಾಲಿಗೇ ಹೋಗ್ತೇನಿ."

"ನಿನ್ನ ಕಾಲಾದ್ರೂ ನೋಡ್ಕೋ ಬೇ."

"ಕಾಲು ನನ್ನವು!"

ಅಧಿಕಾರಿಗಳು ಬಂದಾಗ ಅವಳು ಪಕ್ಕದ ನಿರ್ಮಲಾಳ ದನದ ಕೊಟ್ಟಿಗೆಯಲ್ಲಿ ಅಡಗಿ ಕೂತಳು. ಕಾದು ಕಾದು ಹೋದರು. ಇನ್ನೊಮ್ಮೆ ಬಂದರು, ಇವಳು ಮತ್ತೆ ಕೊಟ್ಟಿಗೆಯಲ್ಲಿ! ಜೀಪು ಹೋದ ಮೇಲೆ ಸೆರಗು ಬಾಯಿಗಿಟ್ಟು ನಕ್ಕಿದ್ದೇ ನಕ್ಕಿದ್ದು. ಪಾಪ, ಗೆದ್ದೆನೆಂದುಕೊಂಡಿದ್ದಳು.

ಮತದಾನದ ದಿನ ಇಳಕಲ್ ಸೀರೆಯುಟ್ಟು, ಮಗನ ತೋಳು ಹಿಡಿದು ಶಾಲೆಗೆ ಬಂದಳು. ಸಾಲಿನಲ್ಲಿ ನಿಂತವರು ದಾರಿ ಬಿಟ್ಟರು. ಮೇಜಿನ ಹಿಂದಿನ ಅಧಿಕಾರಿ ಪಟ್ಟಿ ನೋಡಿ ತಲೆಯೆತ್ತಿದ.

"ಯವ್ವಾ, ಮನ್ಯಾಗ ಹಾಕ್ತೇನಿ ಅಂತ ಅರ್ಜಿ ಕೊಟ್ಟೀರಿ. ಕೊಟ್ಟವರಿಗೆ ಇಲ್ಲಿ ಹಾಕಾಕ ಬರಂಗಿಲ್ರಿ."

"ಅಲ್ಲೂ ಹಾಕಿಲ್ಲೋ ಯಪ್ಪಾ! ಬೆರಳು ನೋಡು, ಮಸಿ ಐತೇನು?"

"ಎರಡು ಸಲ ಬಂದಿದ್ರು, ನೀವು ಸಿಗಲಿಲ್ಲ. ನಿಯಮ ಹಂಗೈತ್ರಿ. ನನ್ನ ಕೈಯಾಗ ಏನೂ ಇಲ್ಲ."

"ತಪ್ಪು ನಂದ್ರಿ ಸಾಹೇಬ್ರ, ಆಕೀದಲ್ಲ," ಎಂದು ಯಲಗೂರಪ್ಪ ಕೈಮುಗಿದ. ಅಧಿಕಾರಿಯ ಮುಖವೂ ಸಪ್ಪಗಾಯಿತು. ಆದರೆ ಪಟ್ಟಿಯಲ್ಲಿದ್ದದ್ದು ಪಟ್ಟಿಯಲ್ಲೇ ಇತ್ತು.

ಕೊಟ್ಟಿಗೆಯಲ್ಲಿ ಕೂತು ತಾನೇ ತನ್ನ ಓಟು ಕಳೆದುಕೊಂಡೆ ಎನ್ನುವುದು ಹುಚ್ಚವ್ವನಿಗೆ ಈಗ ತಿಳಿಯಿತು. ಇನ್ನೈದು ವರ್ಷ ಯಾರು ಕಂಡಿದ್ದಾರೆ? ರಟ್ಟಿನ ಮರೆ ಕೈಗೆಟುಕುವಷ್ಟು ಹತ್ತಿರ ಇತ್ತು. ಅಳು ಉಕ್ಕಿ ಬಂತು. ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು.

"ಒಳಗ ಬಿಡಬ್ಯಾಡ ಯಪ್ಪಾ. ಇಲ್ಲೇ ಹೇಳ್ತೇನಿ, ನೀನ ಒತ್ತು."

"ಬ್ಯಾಡ್ರಿ ಯವ್ವಾ, ಹೇಳಬಾರದ್ರಿ!" ಅಧಿಕಾರಿ ಗಾಬರಿಯಿಂದ ಎದ್ದುನಿಂತ.

ಅಷ್ಟರಲ್ಲಿ ಹೇಳಿಯೇಬಿಟ್ಟಳು. ಮಗನ ಮುಂದೆ, ಪಕ್ಷದವರ ಮುಂದೆ, ಇಡೀ ಸಾಲಿನ ಮುಂದೆ, ಗಟ್ಟಿಯಾಗಿ, ಎರಡೆರಡು ಸಲ. ಹೇಳಿ ಅಧಿಕಾರಿಯ ಕೈಯನ್ನೇ ನೋಡುತ್ತ ನಿಂತಳು.

ಯಾರೂ ನಗಲಿಲ್ಲ. ಅಧಿಕಾರಿ ತಲೆ ತಗ್ಗಿಸಿ, "ಮುಂದಿನವ್ರು ಬರ್ರಿ" ಎಂದ.