ಒಳಮೈ, ಹೊರಮೈ

“ಒತ್ತಪ್ಪ.”

“ಒತ್ತಿದೀನಿ.”

“ಪೂರ್ತಿ ಒತ್ತು. ಹೊಲಿಗೆ ಮೆಷಿನ್ ಅಲ್ಲ ಅದು, ಪೆಡಲ್ ನೆಲಕ್ಕೆ ಮುಟ್ಬೇಕು.”

“ಮುಟ್ಟಿದೆ ಕಣೆ. ಇನ್ನೂ ಒತ್ತಿದ್ರೆ ನನ್ನ ಕಾಲು ನಿನ್ನ ತಲೆ ಮೇಲೇ ಬರುತ್ತೆ.”

ಕಾರಿನ ಕೆಳಗೆ ಅಂಗಾತ ಮಲಗಿದ್ದ ಮಗಳು, ಗೇರ್‌ಬಾಕ್ಸಿಂದ ಹಿಂದಿನ ಚಕ್ರಗಳಿಗೆ ಹೋಗೋ ಉದ್ದದ ಶಾಫ್ಟನ್ನ ಎರಡೂ ಕೈಯಲ್ಲಿ ಹಿಡಿದು ತಿರುಗಿಸೋಕೆ ನೋಡಿದ್ಲು. ಇಂಜಿನ್ ಆಫ್ ಆಗಿತ್ತು, ಕಾರು ಗೇರಲ್ಲಿತ್ತು. ಕ್ಲಚ್ ಒತ್ತಿದ ತಕ್ಷಣ ಇಂಜಿನ್ನಿಗೂ ಚಕ್ರಕ್ಕೂ ನಂಟು ಕಡಿದು ಶಾಫ್ಟು ಸಲೀಸಾಗಿ ತಿರುಗ್ಬೇಕು. ತಿರುಗ್ಲಿಲ್ಲ. ಹಲ್ಲು ಕಚ್ಚಿ ಇನ್ನೊಂದ್ಸಲ ನೋಡಿದ್ಲು. ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ.

ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ದ ಅಜ್ಜಿ ಕೇಳಿದ್ಲು, “ಏನಾಯ್ತೇ?”

“ಏನೂ ಆಗ್ಲಿಲ್ಲ ಅಜ್ಜಿ. ಅದೇ ತೊಂದ್ರೆ.”

ಭಾನುವಾರ ಮಧ್ಯಾಹ್ನ ಆಗಿತ್ತು. ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ನಾಲ್ಕು ಸ್ಟ್ಯಾಂಡಿನ ಮೇಲೆ ಸೊಂಟದೆತ್ತರಕ್ಕೆ ನಿಂತಿತ್ತು. ಸೋದರಮಾವ ಹುಚ್ಚಿಗೆ ತಗೊಂಡು, ಕ್ಲಚ್ ಸುಟ್ಟು, “ಓಡಿಸಿದ್ರೆ ನಿಂದು” ಅಂತ ಅವಳಿಗೆ ಬಿಟ್ಟು ಹೋಗಿದ್ದ ಗಾಡಿ. ಹಳೇ ಸ್ಪೋರ್ಟ್ಸ್ ಕಾರುಗಳನ್ನೇ ರಿಪೇರಿ ಮಾಡೋ ಗ್ಯಾರೇಜಿಗೆ ಅವಳು ಕೆಲಸ ಕೇಳ್ಕೊಂಡು ಹೋದಾಗ ಯಜಮಾನ ಅವಳ ಮಾತೆಲ್ಲ ಕೇಳಿ ಇಷ್ಟೇ ಹೇಳಿದ್ದ: “ಬಾಯಲ್ಲಿ ಗಾಡಿ ಓಡ್ಸೋರು ಬೇಕಾದಷ್ಟು ಜನ ಇದಾರಮ್ಮ. ಸೋಮವಾರ ಹತ್ತು ಗಂಟೆಗೆ ಆ ಕಾರನ್ನೇ ಓಡಿಸ್ಕೊಂಡು ಬಾ. ತಳ್ಕೊಂಡು ಬಂದ್ರೆ ಹಂಗೇ ತಳ್ಕೊಂಡು ಹೋಗು.”

ನಾಳೇನೇ ಸೋಮವಾರ.

ಅವಳು ತೆವಳ್ಕೊಂಡು ಹೊರಗೆ ಬಂದ್ಲು. ಕ್ಲಚ್ಚಿನ ಪೈಪಲ್ಲಿ ಗಾಳಿ ಇಲ್ಲ, ನೋಡಿದಾಳೆ. ಎಣ್ಣೆ ಸೋರ್ತಿಲ್ಲ. ಲಿವರ್ ಸರಿಯಾಗಿ ಹಿಂದೆ ಮುಂದೆ ಆಡ್ತಿದೆ. ಇನ್ನುಳಿದಿದ್ದು ಒಂದೇ, ಒಳಗೆ ಕೂತಿರೋ ಹೊಸ ಕ್ಲಚ್ ಪ್ಲೇಟು.

“ಅಪ್ಪ, ನಿನ್ನೆ ಪ್ಲೇಟಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೊಟ್ಯಲ್ಲ, ಯಾವ ಕಡೆಗೆ ಹಾಕ್ದೆ?”

“ನೀನು ಹೇಳಿದ್ ಕಡೆಗೇ. ಒಳಮೈಗೆ.”

“ಯಾವ್ದು ಒಳಮೈ?”

ಅಪ್ಪ ಡ್ರೈವರ್ ಸೀಟಲ್ಲಿ ಕೂತೇ, ತನ್ನ ಟೈಲರ್ ಅಂಗಡಿಗೆ ಹೊಸದಾಗಿ ಕೆಲಸಕ್ಕೆ ಬಂದೋರಿಗೆ ಹೇಳೋ ಥರ ನಿಧಾನಕ್ಕೆ ಹೇಳಿದ. “ಒಂದು ಕಡೆ ನಯವಾಗಿತ್ತು, ಇನ್ನೊಂದು ಕಡೆ ಸ್ಪ್ರಿಂಗು ಗಿಂಗು ಎಲ್ಲ ಉಬ್ಕೊಂಡಿತ್ತು. ಉಬ್ಬು, ಗಂಟು, ದಾರದ ತುದಿ ಎಲ್ಲ ಇರೋದು ಒಳಮೈ. ನಯವಾಗಿರೋದು ಹೊರಮೈ. ಯಾವ ಬಟ್ಟೆಗಾದ್ರೂ ಅಷ್ಟೇ.”

ಅವಳು ಕಣ್ಣು ಮುಚ್ಕೊಂಡ್ಲು. ನಿನ್ನೆ ಕೈಯೆಲ್ಲ ಗ್ರೀಸಾಗಿತ್ತು. ಕೆಳಗಿಂದಾನೇ “ಒಳಗಡೆ ಬರೋ ಮೈಗೆ ಗುರುತು ಹಾಕಿ ಕೊಡಪ್ಪ, ಪೊಟ್ಟಣದ ಮೇಲೆ ಚಿತ್ರ ಇದೆ” ಅಂದಿದ್ಲು. ಅವಳ ಲೆಕ್ಕದಲ್ಲಿ ಒಳಗಡೆ ಅಂದ್ರೆ ಇಂಜಿನ್ ಕಡೆ. ಮೂವತ್ತು ವರ್ಷದಿಂದ ಒಳಮೈ ಹೊರಮೈ ನೋಡ್ಕೊಂಡೇ ಬದುಕಿದ ಟೈಲರ್ರಿಗೆ ಚಿತ್ರ ನೋಡ್ಬೇಕು ಅಂತ ಅನ್ನಿಸೋದಾದ್ರೂ ಹೆಂಗೆ? ಅವಳೂ ತಿರುಗಿಸಿ ನೋಡ್ಲಿಲ್ಲ. ಅಪ್ಪ ಹಾಕಿದ ಗೆರೆ ತಪ್ಪಿದ್ದನ್ನ ಆ ಮನೇಲಿ ಯಾರೂ ಕಂಡಿರ್ಲಿಲ್ಲ.

“ಇಂಜಿನ್ ಕಡೆ ನಯವಾದ ಮೈ ಬರ್ಬೇಕಿತ್ತಪ್ಪ. ಪ್ಲೇಟು ಉಲ್ಟಾ ಕೂತಿದೆ.”

“ಹಂಗಂದ್ರೆ?”

“ಶಾಫ್ಟು, ಗೇರ್‌ಬಾಕ್ಸು, ಎಲ್ಲ ಮತ್ತೆ ಇಳಿಸ್ಬೇಕು.”

ಅಪ್ಪ ಸ್ಟಿಯರಿಂಗ್ ಮೇಲಿಂದ ಕೈ ತೆಗೆದ. ಅಂಗಡೀಲಿ ಎರಡನೇ ಹೊಲಿಗೆ ಮೆಷಿನ್ ಒಂದಿದೆ. ಮಗಳು ಓದು ಮುಗಿಸಿದ ವರ್ಷ ಅವಳು ಕೂರ್ಲಿ ಅಂತ ತಂದಿದ್ದು, ಇವತ್ತಿಗೂ ಹೊದಿಕೆ ತೆಗೆದಿಲ್ಲ. ಅದರ ಮಾತನ್ನ ಇಬ್ರೂ ಎತ್ತಲ್ಲ. ಈಗ್ಲೂ ಎತ್ತಲಿಲ್ಲ. ಆದ್ರೆ ಇಬ್ರ ತಲೇಲೂ ಅದೇ ಇತ್ತು.

ಅಪ್ಪ ನಿಧಾನಕ್ಕೆ ಕೆಳಗಿಳಿದ. “ಬೇಕಂತಾನೇ ಮಾಡ್ದೆ ಅಂದ್ಕೊಂಡ್ಯಾ?”

ಅವಳಿಗೆ ಸುಳ್ಳು ಹೇಳೋಕೆ ಬರ್ಲಿಲ್ಲ. “ಒಂದು ಕ್ಷಣ.”

“ಒಂದೇ ತಾನೆ?”

“ಎರಡಿರ್ಬಹುದು.”

“ಹೋಗ್ಲಿ ಬಿಡು,” ಅಂದ ಅಪ್ಪ. “ನಂಗೂ ಒಂದು ಕ್ಷಣ ನನ್ ಮೇಲೇ ಅನುಮಾನ ಬಂತು.”

ಅಜ್ಜಿ ಸೆರಗಲ್ಲಿ ಬಾಯಿ ಮುಚ್ಕೊಂಡು ನಕ್ಕಳು. ಅಪ್ಪ ಶರ್ಟಿನ ತೋಳು ಮಡಚಿದ, ಒಂದೊಂದು ಮಡಿಕೇನೂ ಇಸ್ತ್ರಿ ಹಾಕಿದ ಹಾಗೆ ಒತ್ತಿ ಒತ್ತಿ.

“ನಡಿ, ಬಿಚ್ಚೋಣ.”

“ಹಾಕೋಕೇ ಒಂದೂವರೆ ದಿನ ಆಯ್ತಪ್ಪ. ಸಂಜೆ ಒಳಗೆ ಎಲ್ಲಾಗುತ್ತೆ?”

“ಮದುಮಗನ್ನ ಅಂಗಡಿ ಹೊರಗೆ ಬನಿಯನ್ನಲ್ಲಿ ಕೂರಿಸಿ ಕೋಟು ಪೂರ್ತಿ ಬಿಚ್ಚಿ ಹೊಲ್ದಿದೀನಿ ಕಣೆ ನಾನು. ಹೊಲಿಯೋಕೆ ಬಂದೋನು ಅರ್ಧ ಟೈಲರು. ಬಿಚ್ಚೋಕೆ ಬಂದೋನೇ ಪೂರ್ತಿ ಟೈಲರು.”

ಅಲ್ಲೀತನಕ ಅಪ್ಪ ಸ್ಪಾನರ್ ಎತ್ತಿ ಕೊಡೋದು ಬಿಟ್ರೆ ಕಾರಿನ ಕೆಳಗೆ ತಲೆ ಹಾಕಿರ್ಲಿಲ್ಲ. ಈಗ ಕನ್ನಡಕಕ್ಕೆ ಒಂದು ತುಂಡು ಎಲಾಸ್ಟಿಕ್ ಕಟ್ಕೊಂಡು ಅವಳ ಪಕ್ಕದಲ್ಲೇ ಮಲಗಿದ.

“ಈಗ ನಾಲ್ಕು ಕಾಲು ಕಾಣ್ತಿವೆ,” ಅಂದ್ಲು ಅಜ್ಜಿ. “ಯಾವ್ದು ಯಾರದ್ದು ಹೇಳ್ಬಿಡ್ರಪ್ಪ, ಊಟಕ್ಕೆ ಕರಿಯೋಕೆ ಬೇಕು.”

ಊಟಕ್ಕೆ ಯಾರೂ ಏಳಲಿಲ್ಲ. ಎರಡನೇ ಸಲ ಅಂದ್ರೆ ಕೈಗೆ ದಾರಿ ಗೊತ್ತಿರುತ್ತೆ. ಶಾಫ್ಟಿನ ನಾಲ್ಕು ಬೋಲ್ಟು ಬಿಚ್ಚಿದ್ರು. ಗೇರ್‌ಬಾಕ್ಸಿನ ಹೊಟ್ಟೆ ಕೆಳಗೆ ಜಾಕು ಕೊಟ್ಟು, ಮೇಲೆ ಇಸ್ತ್ರಿ ಮೇಜಿನ ಹಳೇ ಕಂಬಳಿ ಮಡಚಿ ಇಟ್ರು. ಬಿಚ್ಚಿದ ಬೋಲ್ಟುಗಳನ್ನ ಅಪ್ಪ ರಟ್ಟಿಗೆ ತೂತು ಮಾಡಿ, ಯಾವ್ದು ಎಲ್ಲಿತ್ತೋ ಅದೇ ಸಾಲಲ್ಲಿ ಚುಚ್ಚಿಟ್ಟ. ಎಲ್ಲಕ್ಕಿಂತ ಮೇಲಿನ ಬೋಲ್ಟು ಕಣ್ಣಿಗೆ ಕಾಣಲ್ಲ, ಕೈಗೂ ಸರಿಯಾಗಿ ಸಿಗಲ್ಲ. ಮೊದಲ್ನೇ ಸಲ ಅದೊಂದಕ್ಕೇ ಅವಳಿಗೆ ಒಂದು ಗಂಟೆ ಹಿಡಿದಿತ್ತು, ಬೆರಳ ಚರ್ಮಾನೂ ಹೋಗಿತ್ತು. ಅಪ್ಪ ಸಣ್ಣ ಕೈಯನ್ನ ಸಂದಿಯೊಳಗೆ ತೂರಿಸಿ, ಕಣ್ಣು ಬೇರೆಲ್ಲೋ ಇಟ್ಕೊಂಡು, ಸೂಜಿ ಕಣ್ಣು ಹುಡುಕೋ ಹಾಗೆ ಹುಡುಕಿ ಬಿಚ್ಚಿ ತಂದ.

“ಇದನ್ನ ನಿನ್ನೇನೇ ಹೇಳಿದ್ರೆ ಆಗ್ತಿರ್ಲಿಲ್ವಾ?”

“ನೀನು ಕೇಳಿದ್ರೆ ತಾನೆ?”

ಪ್ಲೇಟು ಕೈಗೆ ಬಂತು. ಉಬ್ಬಿದ ಕಡೆ, ಇಂಜಿನ್ನಿಗೆ ಉಜ್ಜಿದ ಜಾಗದಲ್ಲಿ ಬೆಳ್ಳಗೆ ಒಂದು ಉಂಗುರ ಬಿದ್ದಿತ್ತು. ಅದು ಬಿಟ್ರೆ ಎಲ್ಲ ಚೆನ್ನಾಗೇ ಇತ್ತು. ಅವಳು ಅದನ್ನ ಅಪ್ಪನ ಮುಂದೆ ಹಿಡಿದ್ಲು. “ಇಂಜಿನ್ ಕಡೆ ಯಾವ್ದಪ್ಪ?”

ಅಪ್ಪ ನಯವಾದ ಮೈ ಮೇಲೆ ಬೆರಳಿಟ್ಟು ತೋರ್ಸಿದ.

ಶೆಡ್ಡಿನೊಳಗೆ ಬಿಸಿಲು ಓರೆಯಾಗಿ ಬೀಳೋ ಹೊತ್ತಿಗೆ ಕೊನೇ ಬೋಲ್ಟೂ ಬಿಗಿಯಾಯ್ತು. ಅವಳು ಹೊರಗೆ ಬರೋಕೆ ಅಂತ ತಿರುಗಿದ್ಲು, ಅಪ್ಪ ಅಲುಗಾಡಲಿಲ್ಲ. “ನೀನೇ ಹೋಗಿ ಒತ್ತು. ನಾನಿಲ್ಲಿ ನೋಡ್ತೀನಿ.”

ಅವಳು ಹೋಗಿ ಒತ್ತಿದ್ಲು. ಕೆಳಗಿಂದ ಏನೂ ಸದ್ದಿಲ್ಲ.

“ಅಪ್ಪ?”

“ತಿರುಗ್ತಿದೆ.”

“ಸರಿಯಾಗಿ ತಿರುಗ್ತಿದ್ಯಾ?”

“ಮೆಷಿನ್ನಲ್ಲಿ ದಾರದ ಬಾಬಿನ್ ತಿರುಗಿದ ಹಂಗೆ.”

“ಸಾಕು ಬಿಡು ಹಂಗಾದ್ರೆ. ಕಾಲು ನೋಯ್ತಿದೆ ನಂಗೆ.”

“ಸ್ವಲ್ಪ ತಡಿ,” ಅಂದ ಅಪ್ಪ. ಇನ್ನೂ ತಿರುಗಿಸ್ತಾನೇ ಇದ್ದ.

ಸೋಮವಾರ ಬೆಳಗ್ಗೆ ಅಪ್ಪಾನೂ ಹೊರಟ. ಪಕ್ಕದ ಸೀಟಲ್ಲಿ ಮಂಡಿ ಎದೆಗೆ ತಾಗಿಸ್ಕೊಂಡು, “ಇದು ಕೂರೋದಾ, ಮಲ್ಗೋದಾ?” ಅಂದ. ಆಮೇಲೆ ದಾರಿ ಪೂರ್ತಿ ಅವಳು ಗೇರ್ ಬದಲಾಯಿಸಿದಾಗೆಲ್ಲ ಅವನ ಎಡಗಾಲೂ ನೆಲ ಒತ್ತುತ್ತಿತ್ತು.

ಹತ್ತಕ್ಕೆ ಐದು ನಿಮಿಷ ಇತ್ತು. ಗ್ಯಾರೇಜಿನ ಎರಡು ಬಾಗಿಲಿನ ದೊಡ್ಡ ಗೇಟಲ್ಲಿ ಜನ ಓಡಾಡೋಕೆ ಒಂದು ಬಾಗಿಲು ಮಾತ್ರ ತೆಗೆದಿತ್ತು, ಕಾರು ಹೋಗೋಷ್ಟು ಜಾಗ ಇರ್ಲಿಲ್ಲ. ಅವಳು ಅದರ ಮುಂದೆ ನಿಲ್ಲಿಸಿ ಇಂಜಿನ್ ಚಾಲೂನಲ್ಲೇ ಇಟ್ಲು. ಯಜಮಾನ ಕೈ ಒರೆಸ್ಕೊಳ್ತಾ ಬಂದ, ಬಾನೆಟ್ ಹತ್ರ ಕಿವಿ ಕೊಟ್ಟು ನಿಂತ.

“ಕ್ಲಚ್ ಯಾರು ಹಾಕಿದ್ದು?”

“ನಾನು. ಅಪ್ಪನೂ ಸೇರ್ಕೊಂಡು.”

“ಒಂದೇ ಸಲಕ್ಕೆ ಕೂತ್ಕೊಳ್ತಾ?”

ಹೌದು ಅಂದ್ಬಿಡಬಹುದಿತ್ತು. “ಇಲ್ಲ. ಪ್ಲೇಟು ಉಲ್ಟಾ ಹಾಕಿದ್ದೆ. ನಿನ್ನೆ ಮತ್ತೆ ಇಳಿಸಿ ಹಾಕಿದ್ವಿ.”

ಪಕ್ಕದಲ್ಲಿ ಅಪ್ಪ ಬಾಯಿ ತೆರೆದ. ಅವಳು ನೋಡಿದ್ಲು. ಮುಚ್ಚಿದ.

ಯಜಮಾನ ವಾಪಸ್ ಗೇಟಿನ ಹತ್ರ ಹೋಗಿ ಬಗ್ಗಿ, ಇನ್ನೊಂದು ಬಾಗಿಲಿನ ಚಿಲಕ ಮೇಲಕ್ಕೆಳೆದ. ಜಲ್ಲಿಗೆ ಕಚ್ಕೊಂಡಿತ್ತೋ ಏನೋ, ಕದಲಲಿಲ್ಲ. ಭುಜ ಕೊಟ್ಟು ತಳ್ಳಿದ. ಬಾಗಿಲು ಕಿರ್ರಂತ ಸದ್ದು ಮಾಡ್ತಾ, ಜಲ್ಲಿ ಮೇಲೆ ಅರ್ಧ ಚಂದ್ರದ ಗೆರೆ ಎಳ್ಕೊಂಡು, ಗೋಡೆಗೆ ತಾಗೋ ತನಕ ತೆರ್ಕೊಳ್ತು.